ಬಟನ್ ಹೇಳದ ಮಾತು

ಅವನು ನಮ್ಮ ಆಫೀಸಿಗೆ ಮೊದಲ ಸಲ ಬಂದದ್ದು ಜಾಗ ಕೇಳಲು. ಹೆಚ್ಚೇನಿಲ್ಲ, ಕಿರುಬೆರಳಿನ ಉಗುರಿನಷ್ಟು ಜಾಗ.

ನಾವು ವೆಬ್‌ಸೈಟಿನಲ್ಲಿ ಕಥೆ, ಲೇಖನ ಪ್ರಕಟಿಸುವವರು. ಪ್ರತಿ ಪುಟದ ಕೊನೆಯಲ್ಲಿ, ಓದಿದ್ದನ್ನು ಗೆಳೆಯರಿಗೆ ಕಳಿಸಲು ಶೇರ್ ಬಟನ್‌ಗಳು. ಆ ಸಾಲಿನ ಮೊದಲ ಸ್ಥಾನಕ್ಕಾಗಿ ಸೋಷಿಯಲ್ ನೆಟ್‌ವರ್ಕ್‌ಗಳ ನಡುವೆ ಸಿಂಹಾಸನಕ್ಕೆ ನಡೆಯುವಂಥ ಕಾಳಗ. ಸದ್ಯಕ್ಕೆ ದೊಡ್ಡ ಕಂಪನಿಯೊಂದು ಅಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿತ್ತು. ಅದನ್ನು ಎಬ್ಬಿಸಿ ತಮ್ಮ ಪುಟ್ಟ ನೆಟ್‌ವರ್ಕನ್ನು ಕೂರಿಸುವುದು ಇವನ ಕೆಲಸ. ಕೂರಿಸುವುದೂ ಬಿಡುವುದೂ ಪುಟ ವಿನ್ಯಾಸ ಮಾಡುವ ನನ್ನ ಕೈಯಲ್ಲಿ.

"ಸದ್ಯಕ್ಕೆ ಕೊನೇಲಿ ಇಟ್ಟು ನೋಡಿ," ಎಂದ. "ಜನ ಒತ್ತಿದ್ರೆ ಮೊದಲಿಗೆ ತನ್ನಿ."

"ಒತ್ತದಿದ್ರೆ?"

"ನಾನೇ ದಿನಾ ಬಂದು ಒತ್ತಿ ಹೋಗ್ತೀನಿ."

ನಗು ಬಚ್ಚಿಡಲು ತಲೆ ತಗ್ಗಿಸಿದೆ. ಕನ್ನಡಕ ಜಾರಿತು. ಏರಿಸಿಕೊಂಡು ನೋಡಿದರೆ ಅವನ ಕಣ್ಣು ನನ್ನ ಕಿವಿಯ ಬಳಿ ಎಲ್ಲೋ ನಿಂತಿತ್ತು. ಸಿಕ್ಕಿಬಿದ್ದ ಕಳ್ಳನಂತೆ ಸರಕ್ಕನೆ ಕಿಟಕಿಯ ಕಡೆ ಹೊರಳಿತು.

ಅವನ ಬಟನ್ ಸಾಲಿನ ಕೊನೆಗೆ ಸೇರಿತು. ಆಮೇಲೆ ಏನಾದರೊಂದು ನೆಪ ಮಾಡಿ ಬರತೊಡಗಿದ. "ಬಂದ ನೋಡೇ ನಿನ್ನ ಬಟನ್ ಮಹಾರಾಯ," ಎಂದು ಪಕ್ಕದ ಮೇಜಿನ ಎಂಜಿನಿಯರ್ ಅಕ್ಕ ಕಿಚಾಯಿಸುವಳು. ಲಿಫ್ಟಿನ ಸದ್ದಾದರೆ ಸಾಕು, ನನ್ನ ಕೈ ತಾನಾಗಿ ಕೂದಲು ಸರಿಮಾಡುವುದು.

ಒಂದು ದಿನ ಹೊರಟವನು ಬಾಗಿಲಲ್ಲೇ ನಿಂತ. "ನಿಮಗೆ ಲೈಟ್‌ಹೌಸ್ ಅಂದ್ರೆ ತುಂಬಾ ಇಷ್ಟ ಅಲ್ವಾ?"

ಕಾಫಿ ಕುಡಿಯುತ್ತಿದ್ದ ಕಪ್ಪನ್ನು ಮೇಜಿಗಿಟ್ಟೆ. ಹಿಂದಿನ ಸಂಜೆಯಷ್ಟೇ ನಮ್ಮ ಸೈಟಿನಲ್ಲಿ ಲೈಟ್‌ಹೌಸ್ ಕಾಯುವವರ ಬಗ್ಗೆ ಓದಿ, ಕಣ್ಣು ಒರೆಸಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ನನ್ನ ಮನಸ್ಸು ಇವನಿಗೆ ಕೇಳಿಸುತ್ತಿದೆ ಎಂದುಕೊಂಡು ಆ ಮಧ್ಯಾಹ್ನವೆಲ್ಲ ನೆಲಕ್ಕೆ ಕಾಲು ತಾಗದಂತೆ ಓಡಾಡಿದೆ.

ಕೆಳಗಿಳಿಸಿದವಳು ಅಕ್ಕ.

"ಅವನ ಬಟನ್ ಸುಮ್ನೆ ಕೂರಲ್ಲ ಕಣೇ. ನೀನು ಒತ್ತದಿದ್ರೂ ಅಷ್ಟೇ. ಪುಟ ತೆರೆದ ತಕ್ಷಣ ಯಾರು ಬಂದ್ರು, ಏನು ಓದಿದ್ರು ಅಂತ ಅವರ ಕಂಪನಿಗೆ ವರದಿ ಒಪ್ಪಿಸುತ್ತೆ. ದೊಡ್ಡವರ ಬಟನ್ನಿನದ್ದೂ ಅದೇ ಕಥೆ."

"ಅಂದ್ರೆ ನಾನು ಓದಿದ್ದು..."

"ಬೇಕಾದ್ರೆ ಅವನು ನೋಡಬಹುದು. ಹುಷಾರು ಮಾರಾಯ್ತಿ. ಅವನಿಗೆ ಬೇಕಾಗಿರೋದು ಮೊದಲನೇ ಜಾಗ. ನಿನ್ನನ್ನ ಮಾತಾಡಿಸೋದು ಅದಕ್ಕೇ ಆಗಿದ್ರೆ?"

ಅಂದಿನಿಂದ ಅವನ ನಗುವಿನಲ್ಲೂ ಲೆಕ್ಕಾಚಾರ ಕಾಣತೊಡಗಿತು. "ಚೆನ್ನಾಗಿದ್ದೀರಾ?" ಎಂದರೆ, ನಿನಗೆ ಗೊತ್ತಿಲ್ಲವೇ ಎಂದು ಕೇಳಬೇಕೆನಿಸುತ್ತಿತ್ತು.

ಆಗ ಅಜ್ಜಿಯ ಕಥೆಯೊಂದು ನೆನಪಾಯಿತು. ಪರದೇಶದ ಯುವಕನೊಬ್ಬ ರಾಜಕುಮಾರಿಯ ಕನಸುಗಳನ್ನೆಲ್ಲ ಚಾಚೂ ತಪ್ಪದೆ ಹೇಳಿ ಅವಳ ಮನ ಗೆಲ್ಲುತ್ತಾನೆ. ಅವನೇ ಉಡುಗೊರೆ ಕೊಟ್ಟ ಗಿಳಿ ಅವಳ ಮಾತನ್ನೆಲ್ಲ ಅವನಿಗೆ ಮುಟ್ಟಿಸುತ್ತಿರುತ್ತದೆ. ಅನುಮಾನ ಬಂದ ರಾಜಕುಮಾರಿ ಗಿಳಿಯ ಮುಂದೆ, ತಾನು ಕಾಣದ ಕನಸೊಂದನ್ನು ಹೇಳುತ್ತಾಳೆ.

ನಾನೂ ಈ ಗಿಳಿಗೆ ಸುಳ್ಳು ಹೇಳಿದೆ. ಜೇನುಹುಳು ಕಂಡರೆ ಕಿರುಚಿ ಓಡುವವಳು, ಆ ವಾರವೆಲ್ಲ ಅವನ ಬಟನ್ ಇರುವ ಪುಟಗಳಲ್ಲಿ ಜೇನುಸಾಕಣೆಯನ್ನೇ ಓದಿದೆ. ಅವನ ಬಾಯಿಂದ ಜೇನಿನ ಮಾತು ಬಂದರೆ ಅಲ್ಲಿಗೆ ಮುಗಿಯಿತು. ಬಾರದಿರಲಿ, ಬಾರದಿರಲಿ ಎಂದು ಪುಟ ತೆರೆದಾಗಲೆಲ್ಲ ಒಳಗೊಳಗೇ ಅಂಗಲಾಚಿದೆ.

ಅವನು ಬಂದ. ಕೈಯಲ್ಲೊಂದು ಪುಟ್ಟ ಡಬ್ಬಿ.

"ನಿಮಗೋಸ್ಕರ ತಂದೆ. ತಪ್ಪು ತಿಳ್ಕೋಬೇಡಿ."

ಅಕ್ಕ ಕೆಮ್ಮಿದಳು. ತಡೆಯಲಾರದೆ ಕೇಳಿಯೇಬಿಟ್ಟೆ. "ಜೇನು ತಾನೇ?"

"ಜೇನಾ?" ಅವನ ಹುಬ್ಬುಗಳು ಮೇಲೇರಿ ಅಲ್ಲೇ ನಿಂತವು. "ನಿಮಗೆ ಜೇನು ಇಷ್ಟಾನಾ? ಗೊತ್ತಿರ್ಲಿಲ್ಲ ನಂಗೆ."

ನಟನೆಯಾಗಿದ್ದರೆ? ಡಬ್ಬಿ ತೆರೆದೆ. ಹತ್ತಿಯ ಮೇಲೆ ಸಾಸಿವೆಯಷ್ಟು ಒಂದು ಸ್ಕ್ರೂ, ಪಕ್ಕದಲ್ಲಿ ಬೆಂಕಿಕಡ್ಡಿಯಷ್ಟು ಸ್ಕ್ರೂಡ್ರೈವರ್.

"ನಿಮ್ಮ ಕನ್ನಡಕಕ್ಕೆ," ಎಂದ ನೆಲ ನೋಡುತ್ತ. "ಮೊದಲನೇ ದಿನದಿಂದ ನೋಡ್ತಿದ್ದೀನಿ, ದಾರದಲ್ಲಿ ಕಟ್ಕೊಂಡಿದ್ದೀರಿ. ಕಪ್ಪು ದಾರ, ಕೂದಲಲ್ಲಿ ಯಾರಿಗೂ ಕಾಣಲ್ಲ ಅಂತ ಧೈರ್ಯ ನಿಮಗೆ."

ಕಿವಿ ಬಿಸಿಯಾಯಿತು. "ಮತ್ತೆ... ಲೈಟ್‌ಹೌಸ್?"

"ನಿಮ್ಮ ಕಪ್ ಮೇಲೇ ಇದೆಯಲ್ಲ! ಹಿಡಿ ಮುರಿದ್ರೂ ಬಿಸಾಕದೆ ಅದರಲ್ಲೇ ಕುಡೀತೀರಿ. ಇಷ್ಟ ಇರ್ಬೇಕು ಅಂದ್ಕೊಂಡೆ."

ಮೇಜಿನ ಮೇಲಿದ್ದ ಕಪ್ಪನ್ನು ನಾನೇ ಹೊಸದಾಗಿ ನೋಡಿದೆ. ಆಮೇಲೆ ಗಿಳಿ, ಜೇನುಹುಳು, ಅಕ್ಕನ ಎಚ್ಚರಿಕೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಅವನು ನಕ್ಕ. ನಂತರ ನಗು ನಿಲ್ಲಿಸಿದ.

"ಅಕ್ಕ ಹೇಳಿದ್ದು ನಿಜ. ಮನಸ್ಸು ಮಾಡಿದ್ರೆ ನಾನು ನೋಡಬಹುದಿತ್ತು."

"ಯಾಕೆ ನೋಡ್ಲಿಲ್ಲ?"

"ನೋಡಿಬಿಟ್ರೆ, ನಿಮ್ಮನ್ನ ಕೇಳೋಕೆ ಏನು ಉಳಿಯುತ್ತೆ?"

"ನಾನೇನೂ ಕೇಳಿಸ್ಕೊಳ್ತಿಲ್ಲಪ್ಪ," ಎಂದಳು ಅಕ್ಕ.

ಕನ್ನಡಕ ತೆಗೆದು ಅವನ ಅಂಗೈಯಲ್ಲಿಟ್ಟೆ. ಅವನು ಎದುರಿನ ಕುರ್ಚಿಯಲ್ಲಿ ಕೂತು ದಾರ ಬಿಚ್ಚಿ, ಉಸಿರು ಬಿಗಿಹಿಡಿದು ಸ್ಕ್ರೂ ತಿರುಗಿಸತೊಡಗಿದ. ಮಸುಕಾಗಿ ಕಾಣುತ್ತಿದ್ದ ಆ ಮುಖಕ್ಕೇ ಹೇಳಿದೆ. "ನಾಳೆಯಿಂದ ಕದ್ದು ನೋಡೋ ಬಟನ್ ಒಂದೂ ಇರಲ್ಲ. ದೊಡ್ಡವರದ್ದೂ ಇಲ್ಲ, ನಿಮ್ಮದೂ ಇಲ್ಲ. ಎಲ್ಲರಿಗೂ ಬರೀ ಲಿಂಕ್, ಒತ್ತಿದ್ರೆ ಮಾತ್ರ ಬಾಯಿ ಬಿಡೋ ಥರದ್ದು."

"ನಮ್ಮ ಬಾಸ್ ನನ್ನ ಚರ್ಮ ಸುಲೀತಾರೆ."

"ಕೋಪ ಬಂತಾ?"

"ಇಲ್ಲ. ಆದ್ರೆ ಇನ್ನು ಇಲ್ಲಿಗೆ ಬರೋಕೆ ನನಗೆ ಕೆಲಸವೇ ಇಲ್ವಲ್ಲ, ಅದು ಬೇಜಾರು."

ಎದ್ದು ಬಂದು ಕನ್ನಡಕವನ್ನು ತಾನೇ ನನ್ನ ಮೂಗಿನ ಮೇಲೆ ಕೂರಿಸಿದ. ಅದು ಜಾರಲಿಲ್ಲ. ಇಷ್ಟು ಹತ್ತಿರದಲ್ಲಿ ಅವನ ಕಣ್ಣು ಈ ಸಲ ಕಿಟಕಿಯ ಕಡೆ ಹೊರಳಲಿಲ್ಲ.

"ಹುಳು ಕಂಡ್ರೆ ಭಯ ಅಂದ್ರಿ," ಎಂದ ಮೆಲ್ಲಗೆ. "ಜೇನು ಇಷ್ಟಾನಾ, ಇಲ್ವಾ?"

"ಹೇಳಲ್ಲ," ಎಂದೆ. "ನಾಳೆ ಬಂದು ಕೇಳಿ."