ಗಾರೆಯೊಳಗಿನ ಹೆಬ್ಬೆರಳು

ಪುರಾನಾಪುಲ್ ಸೇತುವೆಯ ಆಚೆಯ ಹಳೆಯ ಮಸೀದಿಯ ಬಾಗಿಲಲ್ಲಿ ಅಂದು ಬೆಳಿಗ್ಗೆ ಹೊಸ ಫಲಕವೊಂದು ನಿಂತಿತ್ತು. ಶಿವದೇವಿ ಎರಡು ಸಲ ಓದಿದಳು. ನಾಲ್ಕು ಕಾಲದ ಗಾರೆಯ ಪದರಗಳನ್ನು ಪತ್ತೆಹಚ್ಚಿದವರು: ರೋಹಿತ. ಅಷ್ಟೇ. ಅವಳ ಹೆಸರು ಎಲ್ಲೂ ಇರಲಿಲ್ಲ.

ಬೀದರದ ಗಾರೆ ಕೆಲಸದವರ ಮಗಳು ಅವಳು, ಮಸೀದಿಯ ದುರಸ್ತಿಗೆಂದು ಬಂದವಳು. ಆರು ತಿಂಗಳು ನಮಾಜಿನ ದಿಕ್ಕು ತೋರುವ ಮಿಹ್ರಾಬಿನ ಗೂಡಿನ ಪಕ್ಕದ ಗೋಡೆಯೆದುರು ಕೂತು, ಅಂಗೈಯಗಲದ ಜಾಗವನ್ನು ಚಾಕುವಿನ ತುದಿಯಿಂದ ಪದರ ಪದರವಾಗಿ ಬಿಡಿಸಿದ್ದಳು. ಮೇಲೆ ಮೊನ್ನೆಮೊನ್ನೆಯ ಹಸಿರು ಪೇಂಟು. ಅದರಡಿ ನಿಜಾಮರ ಕಾಲದ ಬಿಳಿ ಸುಣ್ಣ. ಅದರಡಿ ಯಾರೋ ಅಂಜಿ ಅಂಜಿ ಮಾಡಿದ ರಿಪೇರಿ. ಎಲ್ಲದರಡಿ ಕುತುಬಶಾಹಿ ಕಾಲದ ಗಾರೆಯ ಹೂಬಳ್ಳಿ, ನಿನ್ನೆ ಅರಳಿದ ಹಾಗೆ.

ರೋಹಿತ ಮೈಸೂರಿನವನು. ಮಾದಾಪುರದ ಆಫೀಸಿನಿಂದ ಅಳತೆ ತೆಗೆಯಲು ಬರುತ್ತಿದ್ದ ಆರ್ಕಿಟೆಕ್ಟ್. ಗೋಡೆ ನೋಡಿದ್ದಕ್ಕಿಂತ ಅವಳ ಮೂಗಿನ ಮೇಲಿನ ಸುಣ್ಣ ನೋಡಿದ್ದೇ ಹೆಚ್ಚು.

"ಆ ಪದರ ಯಾವ ಕಾಲದ್ದು?" ಎಂದು ಮೂಗನ್ನೇ ನೋಡುತ್ತ ಕೇಳಿದ್ದ.

"ಇವತ್ತಿಂದ್ರಿ. ಮುಟ್ಟಿದ್ರ ಕೈ ಸುಡತೈತಿ."

ಗಾರೆ ಮುಗಿಸಿದವರು ಹಸಿಯಲ್ಲೇ ಹೆಬ್ಬೆರಳು ಒತ್ತುವುದು ಅವಳ ಮನೆತನದ ರೂಢಿ. ಹೆಸರು ಕೊರೆಯುವಂತಿಲ್ಲ, ದೇವರ ಗೋಡೆ ಅದು. ಕಳೆದ ತಿಂಗಳು ಮೂಲೆಯ ಬಿರುಕು ಮುಚ್ಚಿದಾಗ ಅವಳ ಗುರುತಿನ ಪಕ್ಕದಲ್ಲೇ ಅವನೂ ಹೆಬ್ಬೆರಳೊತ್ತಿದ. "ಮದುವೆಯಾದ್ಮೇಲೂ ಹೀಗೇ, ಪಕ್ಕಪಕ್ಕ," ಎಂದ. ಅಂದೇ ಅವಳು ಪದರಗಳ ಚಿತ್ರ ಬರೆದಿಟ್ಟ ತನ್ನ ನೋಟ್‌ಬುಕ್ಕನ್ನು ಅವನ ಕೈಗಿಟ್ಟಿದ್ದಳು.

ಈಗ ಅವನು ಮಿಠಾಯಿ ಡಬ್ಬಿ ಹಿಡಿದು ಬಂದ. "ಬೋರ್ಡ್ ನೋಡಿದ್ಯಾ?"

"ನೋಡಿದೆ. ನಾ ಎಲ್ಲಿದ್ದೀನ್ರಿ ಅದರಾಗ?"

"ಆಫೀಸಲ್ಲಿ ಡಿಗ್ರಿ ಕೇಳ್ತಾರೆ, ದೇವಿ. ನಾಳೆ ನನ್ನ ಹೆಸರೇ ನಿನ್ನ ಹೆಸರಲ್ವಾ?"

"ನೋಟ್‌ಬುಕ್ ಕೊಡುವಾಗ ನಾ ನಿಮ್ಮ ಡಿಗ್ರಿ ಕೇಳಿದ್ನೇನ್ರಿ?"

ಅವನು ಡಬ್ಬಿಯ ದಾರ ಬಿಚ್ಚುತ್ತ ನಿಂತ.

ಶಿವದೇವಿ ಚಾಕು ತೆಗೆದುಕೊಂಡು ಮೂಲೆಗೆ ಹೋದಳು. ಅವನ ಬೆರಳಿನ ಗುರುತಿಗೆ ತುದಿ ತಾಗಿಸುವಷ್ಟರಲ್ಲಿ, ಅಂಗಳದ ನೀರಿನ ಹೌದಿನ ಬಳಿ ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುತ್ತಿದ್ದ ದಸ್ತಗೀರ ಚಾಚಾ ಎದ್ದು ಬಂದರು. ಕಲಬುರಗಿ ಕಡೆಯ ಮುದುಕರು, ಮಸೀದಿ ನೋಡಿಕೊಳ್ಳುವವರು.

"ಕೆರೀಬ್ಯಾಡ ಬೇಟಿ. ನಾಕನೂರು ವರ್ಷದಾಗ ಈ ಗ್ವಾಡಿ ಮ್ಯಾಲ ಯಾರೂ ಯಾರನ್ನೂ ಕೆರದು ಹಾಕಿಲ್ಲ. ಬ್ಯಾಡಾದ್ರ ಮ್ಯಾಲೊಂದು ಪದರ ಹಚ್ಚ್ಯಾರ."

ಅವಳು ಚಾಕು ಕೆಳಗಿಟ್ಟಳು. ಬೆಲ್ಲದ ನೀರಿನಲ್ಲಿ ಸುಣ್ಣ ಕಲಸಿದಳು. ಮನಸ್ಸಿನಲ್ಲೇ ದೇವರನ್ನು ನೆನೆದು, ಗೋಡೆಯ ಎರಡೂ ಹೆಬ್ಬೆರಳಿನ ಗುರುತುಗಳ ಮೇಲೆ ತೆಳ್ಳಗೆ, ನುಣ್ಣಗೆ ಹಚ್ಚಿದಳು. ಕಣ್ಣು ತುಂಬಿತ್ತು.

"ನನ್ನ ಗುರುತು ಹೋಯ್ತಾ?" ಹಿಂದಿನಿಂದ ರೋಹಿತನ ದನಿ ಸಣ್ಣಗಾಗಿತ್ತು.

"ಒಳಗ ಐತ್ರಿ. ಎಲ್ಲಿ ಹೋಗತೈತಿ? ಕಾಣಂಗಿಲ್ಲ, ಅಷ್ಟ."

ಹಸಿ ಗಾರೆಯ ಮೇಲೆ ಅವಳು ಒಂದೇ ಒಂದು ಹೆಬ್ಬೆರಳು ಒತ್ತಿದಳು.