ಸೀರುಡಿಕೆ

ಮಾದೇವ ಚಾಚಿದ ಗಂಟನ್ನು ಪುಟ್ಟತಾಯಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ತಾಲ್ಲೂಕು ಕಚೇರಿಯ ಕಾಗದಗಳು ಎಂದುಕೊಂಡಿದ್ದಳು. ಬಿಚ್ಚಿದಾಗ ಹೊರಬಂದದ್ದು ಹಸಿರು ಸೀರೆ.

ಜಗಲಿಯಲ್ಲಿ ಕೂತಿದ್ದ ಕಂಠಪ್ಪ, ಅವಳ ಸತ್ತ ಗಂಡನ ಚಿಕ್ಕಪ್ಪನ ಮಗ, ಜೊತೆಗಿದ್ದ ಇಬ್ಬರ ಕಡೆ ತಿರುಗಿದ.

"ನೋಡುದ್ರೇನ್ರಲಾ? ಸೀರುಡಿಕೆ ಆಗೋಯ್ತು. ಅತ್ತಿಗಮ್ಮ, ಹೊಸ ಗಂಡನ ಮನೆಗೆ ಯಾವಾಗ ಹೊಂಡ್ತೀರಿ?"

ಅವರ ಕುಲದಲ್ಲಿ ವಿಧವೆ ಸಾಕ್ಷಿಗಳೆದುರು ಗಂಡಸಿನ ಕೈಯಿಂದ ಸೀರೆ ಪಡೆದರೆ ಅದೇ ಮದುವೆ. ಹಾಗೆ ಮದುವೆಯಾದವಳಿಗೆ ಮೊದಲ ಗಂಡನ ಆಸ್ತಿ ಇಲ್ಲ.

ಆಸ್ತಿ ಎಂದರೆ ಊರಿನ ಪಟೇಲಿಕೆ, ಅದಕ್ಕಂಟಿದ ಇನಾಮು ಗದ್ದೆ. ಮಕ್ಕಳಿಲ್ಲದೆ ಗಂಡ ಸತ್ತ ಮೇಲೆ ಎರಡೂ ಅವಳ ಹೆಸರಿಗೆ ಬಂದಿದ್ದವು. ಪಟೇಲಿಕೆ ಹೆಂಗಸಿನದಾದರೆ ಕೆಲಸ ನಡೆಸಲು ಗಂಡಸೊಬ್ಬನನ್ನು ನೇಮಿಸಬೇಕು. ಅವಳು ನೇಮಿಸಿದ್ದು ಮಾದೇವನನ್ನು. ಎಂಟು ತಿಂಗಳಿಂದ ಅವನು ಕಾಗದ ಓದುತ್ತಿದ್ದ, ಅವಳು ತೀರ್ಮಾನ ಹೇಳುತ್ತಿದ್ದಳು. ಅವನು ಬರುವ ಹೊತ್ತಿಗೆ ತಲೆ ಬಾಚಿಕೊಂಡಿರುತ್ತಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ, ತನಗೂ.

'ಇವನೂ ಕಂಠಪ್ಪನ ಕಡೆಯವನೇ...'

ಮಾದೇವ ಏನೋ ಹೇಳಲು ಬಾಯಿ ತೆರೆದ. ಅವಳು ಕದ ಹಾಕಿಕೊಂಡಳು.

ಕಂಠಪ್ಪ ಕೊಟ್ಟ ದೂರಿನ ಮೇಲೆ ಹುಣಸೂರಿನಿಂದ ಕಂದಾಯದ ಅಧಿಕಾರಿ, ಶೇಕ್ದಾರ ನಂಜಯ್ಯನವರು ವಿಚಾರಣೆಗೆ ಬಂದರು. ಸಾಕ್ಷಿಗಳು ಸೀರೆ ಕಂಡದ್ದನ್ನು ಹೇಳಿದರು. ಮದುವೆಯ ಮನಸ್ಸಿನಿಂದ ಕೊಟ್ಟೆಯಾ ಎಂದು ಶೇಕ್ದಾರರು ಮಾದೇವನನ್ನು ಕೇಳಿದರು.

"ಇಲ್ಲ ಬುದ್ಧಿ. ಈಯಮ್ಮನ ಮ್ಯಾಲೆ ನಂಗೆ ಯಾವತ್ತೂ ಮನಸಿರ್ಲಿಲ್ಲ. ಚಾಮುಂಡವ್ವನಾಣೆ."

ಆ ಆಣೆಯಿಂದ ಪಟೇಲಿಕೆ ಉಳಿಯಿತು. ಅವಳು ಸಂತೋಷಪಡಬೇಕಾಗಿತ್ತು... ಒಳಗೆ ಹೋಗಿ ಗೋಡೆಗೊರಗಿ ಕೂತಳು. ಮಾದೇವ ಅಂದೇ ಊರು ಬಿಟ್ಟ.

ಪಟೇಲಿಕೆಯ ಕೆಲಸಕ್ಕೆ ಅವಳು ಬೇರೊಬ್ಬನನ್ನು ನೇಮಿಸಿದಳು. ಎರಡು ವರ್ಷ ಕಳೆಯಿತು. ಊರಿನ ಮದುವೆಗಳ ಮೊದಲ ವೀಳ್ಯ ಪಟೇಲರ ಮನೆಗೇ ಬರುತ್ತಿತ್ತು. ವಿಧವೆಯೆಂದು ಅವಳನ್ನು ಚಪ್ಪರದೊಳಗೆ ಮಾತ್ರ ಕರೆಯುತ್ತಿರಲಿಲ್ಲ. ಗದ್ದೆ ಚೆನ್ನಾಗಿ ಬೆಳೆಯುತ್ತಿತ್ತು. ಅವಳು ಒಬ್ಬಳೇ ಉಣ್ಣುತ್ತಿದ್ದಳು.

ಸಾಕ್ಷಿಗಳಲ್ಲೊಬ್ಬನಾಗಿದ್ದ ಸಣ್ಣಬೀರಯ್ಯ ಗದ್ದೆಗೆ ನೀರು ಬಿಡುವ ಸರದಿಗಾಗಿ ಕಂಠಪ್ಪನ ಜೊತೆ ಜಗಳವಾಡಿಕೊಂಡ. ಆ ಸಿಟ್ಟಿನಲ್ಲಿ ನೇರ ಅವಳ ಬಾಗಿಲಿಗೆ ಬಂದು ಎಲ್ಲ ಹೇಳಿದ. ಕಾಗದ ತೆಗೆದು ಸೀರೆ ಕಟ್ಟಿದವನು ಕಂಠಪ್ಪ. ಮಾದೇವನಿಗೆ ಏನೂ ಗೊತ್ತಿರಲಿಲ್ಲ.

"ಆಣೆ ಮಾಡುದ್ ದಿನ ಕೆರೆ ಏರಿ ಮ್ಯಾಲೆ ಕೂತ್ಕಂಡು ಅಳ್ತಿದ್ದ ಕಣವ್ವ. ಗದ್ದೆ ಉಳ್ಸಕೆ ಸುಳ್ಳಾಣೆ ಮಾಡ್ಬುಟ್ಟೆ ಅಂತಿದ್ದ."

ಅವಳು ಮೂರು ದಿನ ಯೋಚಿಸಿದಳು. ಮಾದೇವನಿಗಾಗಿ ಪಟೇಲಿಕೆ ಬಿಟ್ಟರೆ ಎಲ್ಲವೂ ಆ ಕಂಠಪ್ಪನಿಗೇ ಹೋಗುತ್ತದೆ. ಆ ವಿಚಾರಕ್ಕೇ ಹೊಟ್ಟೆ ಉರಿಯುತ್ತಿತ್ತು. ನಾಲ್ಕನೆಯ ದಿನ ಹುಣಸೂರಿಗೆ ಹೋಗಿ ರಾಜೀನಾಮೆಗೆ ಹೆಬ್ಬೆಟ್ಟು ಒತ್ತಿದಳು.

ಮಾದೇವ ಚುಂಚನಕಟ್ಟೆಯಲ್ಲಿ ಯಾರದೋ ಗದ್ದೆಯ ಬದು ಕಡಿಯುತ್ತಿದ್ದ. ಅವಳನ್ನು ಕಂಡು ಗುದ್ದಲಿ ನಿಲ್ಲಿಸಿದ.

"ಗದ್ದೆ?"

"ಕಂಠಪ್ಪಂದು."

"ಪಟೇಲಿಕೆ?"

"ಅದೂವೆ."

ಅವನ ಮುಖ ಕಪ್ಪಿಟ್ಟಿತು. "ಯಾಕಿಂಗ್ ಮಾಡ್ದೆ? ನನ್ ತಾವ ಏನೂ ಇಲ್ಲ ಕಣಮ್ಮಿ. ಸೋರೋ ಗುಡ್ಲು ಒಂದದೆ."

"ಇದ್ದಿದ್ರೆ ಚೆಂದಾಗಿತ್ತು." ಅವಳು ಕಣ್ಣೊರೆಸಿಕೊಂಡಳು. "ಈಗ್ಲಾದ್ರೂ ದಿಟ ಯೋಳು. ಮನಸಿತ್ತೋ ಇಲ್ವೋ?"

"ಇತ್ತು."

ಅವಳು ಹಸಿ ಬದುವಿನ ಮೇಲೆ ಕೂತಳು.

"ಅಷ್ಟಕ್ಕೇ ಹೊಟ್ಟೆ ತುಂಬಾಕಿಲ್ಲ ಕಣೋ," ಅಂದಳು. "ಆದ್ರೂ... ಇನ್ನೊಂದ್ಸಲ ಯೋಳು."