ಹೆಸರು ಬರುವಷ್ಟು ಹೊತ್ತು

ಗಿರಿಜವ್ವನ ತುಟಿ ಅಲುಗಲಿಲ್ಲ, ಮಾತು ಮಾತ್ರ ಅಡುಗೆಮನೆ ದಾಟಿ ಕೇಳಿಸಿತು. ಸೊಸೆ ದೀಪಾ ತಟ್ಟಿದ ರೊಟ್ಟಿಯ ಅಂಚು ಹರಿದಿದೆ, ಹಿಟ್ಟಿಗೆ ಬಿಸಿನೀರು ಸಾಲದು, ಇಷ್ಟು ವರ್ಷವಾದರೂ ಕೈ ಕುದುರಲಿಲ್ಲ ಎಂದು ಒಂದೇ ಉಸಿರಿಗೆ ಬೈದು ಮುಗಿಸಿದಳು. ಪಾರ್ಶ್ವವಾಯು ಬಡಿದು ಮಾತೇ ನಿಂತುಹೋಗಿದ್ದ ಅತ್ತೆ ಮತ್ತೆ ಬೈಯುವಂತಾದಳಲ್ಲ ಎಂದು ದೀಪಾಗೆ ಸಂತೋಷವೇ ಆಯಿತು. ಪರೀಕ್ಷೆಗೆಂದು ಬಂದು ಎದುರಿಗೆ ಕುಳಿತಿದ್ದ ವಿಜ್ಞಾನಿ ಸಂಹಿತಾ ಹೊಂಬಳ ಮನಸ್ಸಿನಲ್ಲೇ ತನ್ನ ಬೆನ್ನು ತಟ್ಟಿಕೊಂಡಳು.

ಗಿರಿಜವ್ವನ ಕೊರಳಲ್ಲಿದ್ದ ತೆಳ್ಳಗಿನ ಪಟ್ಟಿ ಗಂಟಲ ನರಗಳ ಮಿಡಿತವನ್ನು ಹಿಡಿದು, ಗದಗಿನ ಗಾಳಿಯಂತ್ರಗಳ ಬುಡದಲ್ಲಿದ್ದ ಗಣಕಕೇಂದ್ರಕ್ಕೆ ಕಳಿಸಿ, ಅಲ್ಲಿಂದ ಮರಳಿ ಬಂದ ಮಾತನ್ನು ಗಟ್ಟಿಯಾಗಿ ಆಡುತ್ತಿತ್ತು. ಮಾತು ಕಳೆದುಕೊಂಡ ಸಾವಿರಾರು ಜನರಿಗೆ ಅಲ್ಲಿ ಒಂದೊಂದು ವರ್ಚುವಲ್ ಮಷೀನು, ಎಂದರೆ ಒಂದೇ ದೊಡ್ಡ ಯಂತ್ರದೊಳಗೆ ಪ್ರತಿಯೊಬ್ಬರಿಗೂ ತಮ್ಮದೇ ಎನ್ನಿಸುವ ಸಣ್ಣ ಯಂತ್ರ. ಅದರ ಮೆಮೊರಿಯಲ್ಲಿ ಅವರವರ ಹಳೆಯ ದನಿ, ಅವರವರ ಶಬ್ದ. ದೊಡ್ಡ ಯಂತ್ರದಲ್ಲಿ ಪ್ರೊಸೆಸರ್‌ಗಳು ಗುಂಪುಗುಂಪಾಗಿ ಇರುತ್ತವೆ. ಒಂದೊಂದು ಗುಂಪಿಗೆ ನೋಡ್ ಎಂದು ಹೆಸರು, ಪ್ರತಿ ನೋಡಿನ ಮಗ್ಗುಲಲ್ಲೇ ಅದರ ಸ್ವಂತ ಮೆಮೊರಿ. ಮಗ್ಗುಲಿನದು ಥಟ್ಟನೆ ಸಿಗುತ್ತದೆ, ದೂರದ ನೋಡಿನಿಂದ ತರಿಸಿಕೊಳ್ಳುವುದು ತಡ. ಒಂದು ಶಬ್ದ ಆಡಿಸಲು ಲಕ್ಷಾಂತರ ಸಲ ಮೆಮೊರಿ ಮುಟ್ಟಬೇಕಾದ್ದರಿಂದ ಚಿಟಿಕೆಯಷ್ಟು ತಡಗಳೂ ಸೇರಿ ಮಾತು ತೊದಲುತ್ತಿತ್ತು.

ಸಂಹಿತಾ ಕಂಡುಹಿಡಿದದ್ದು ಇದಕ್ಕೆ ಮದ್ದು. ಅವಳ ‘ಸಮೀಪ’ ಎಂಬ ತಂತ್ರಾಂಶ ಯಾರು ಯಾವ ಶಬ್ದವನ್ನು ಹೆಚ್ಚು ಆಡುತ್ತಾರೆಂದು ನೋಡುತ್ತ, ಅಂಥದ್ದನ್ನೆಲ್ಲ ಅವರ ಮಷೀನು ಓಡುವ ನೋಡಿನ ಮಗ್ಗುಲಿಗೆ ತಂದಿಡುತ್ತಿತ್ತು. ಅಪರೂಪದ್ದನ್ನು ದೂರಕ್ಕೆ ಸಾಗಿಸುತ್ತಿತ್ತು. ಉಪ್ಪಿನ ಡಬ್ಬಿ ಒಲೆಯ ಪಕ್ಕ, ಹಬ್ಬದ ಹಂಡೆ ಅಟ್ಟದ ಮೇಲೆ. ಜೊತೆಗೆ ಕಾಯುವ ಹೊತ್ತಿಗೆ ಒಂದು ಮಿತಿಯನ್ನೂ ಹಾಕಿದ್ದಳು. ದೂರದ ಶಬ್ದ ಆ ಮಿತಿಯೊಳಗೆ ಬಾರದಿದ್ದರೆ, ಅದೇ ಅರ್ಥದ ಹತ್ತಿರದ ಶಬ್ದವನ್ನು ಆಡಿಬಿಡಬೇಕು. ಮಾತಿನ ನಡುವೆ ಬಾಯಿ ಕಟ್ಟುವುದಕ್ಕಿಂತ ಅದು ವಾಸಿ ಎಂದು ಅವಳಿಗೆ ಅನ್ನಿಸಿತ್ತು.

ಮೊಮ್ಮಗಳ ಕುಬಸದ ದಿನ ಎಡವಟ್ಟಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಬೆಳಗಿದ ಮೇಲೆ ಹೆಂಗಸರು ಒಡಪು ಹೇಳಲು ಕೂತರು. ಆ ಕಡೆ ಹಳಬರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಶುಭಕಾರ್ಯದಲ್ಲಿ ಮಾತ್ರ ಪ್ರಾಸದ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳುತ್ತಾರೆ. ಹಿರಿಯಳೆಂದು ಗಿರಿಜವ್ವನ ಸರದಿಯೇ ಮೊದಲು. ಮಾತು ಹೋದ ದಿನದಿಂದ ಅವಳು ಕಾದದ್ದು ಇದೊಂದಕ್ಕೇ.

“ಬಿಳಿಜ್ವಾಳದ ತೆನಿ ತೂಗತೈತಿ ಹೊಲದಾಗ,” ಎಂದಿತು ಪಟ್ಟಿ. ಒಂದು ಕ್ಷಣ ಸುಮ್ಮನಾಗಿ, “ನಮ್ಮ ಮನ್ಯಾವ್ರ ಹೆಸರ ಐತಿ ನನ್ನ ಎದಿಯಾಗ,” ಎಂದು ಮುಗಿಸಿತು.

ಹೆಸರು ಎದೆಯಲ್ಲೇ ಉಳಿಯಿತು, ಬಾಯಿಗೆ ಬರಲೇ ಇಲ್ಲ ಎಂದು ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಮುದುಕಿ ಬೇಕೆಂತಲೇ ಚೇಷ್ಟೆ ಮಾಡಿದಳೆಂದು ಅವರ ಎಣಿಕೆ. ಗಿರಿಜವ್ವ ಎದ್ದು ಒಳಗೆ ಹೋಗಿ ಅತ್ತಳು. ಮರುದಿನ ಅವಳ ಗಂಡ ಫಕೀರಪ್ಪ ಸಂಹಿತಾಗೆ ಫೋನು ಮಾಡಿ, ಆಕೆ ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿದ್ದಾಳೆ, ಮನೆ ಬಿಕೋ ಎನ್ನುತ್ತಿದೆ ಎಂದು ತಿಳಿಸಿದ.

ಸಂಹಿತಾ ಮೊದಲು ‘ಸಮೀಪ’ವನ್ನು ತೆರೆದು ನೋಡಿದಳು. ಉಪ್ಪು, ರೊಟ್ಟಿ, ದೀಪಾ, ಬಾಗಿಲು, ಎಲ್ಲ ಮಗ್ಗುಲಲ್ಲೇ ಇದ್ದವು. ಫಕೀರಪ್ಪ ಎಂಬ ಹೆಸರು ಕಟ್ಟಕಡೆಯ ನೋಡಿನಲ್ಲಿ ಬಿದ್ದಿತ್ತು. ಅದು ಬರುವಷ್ಟರಲ್ಲಿ ಮಿತಿ ಮುಗಿದು, ಮಷೀನು ಮಗ್ಗುಲಲ್ಲಿದ್ದ ‘ಮನ್ಯಾವ್ರ’ ಎಂಬುದನ್ನು ಆಡಿಬಿಟ್ಟಿತ್ತು. ಹೆಚ್ಚು ಆಡಿದ್ದೇ ಹೆಚ್ಚು ಬೇಕಾದದ್ದು ಎಂದು ತಾನು ನಂಬಿದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಆದರೂ ಉಪಾಯ ಸುಲಭವಾಗಿತ್ತು. ಅವಳು ಅದನ್ನು ಹೇಳಲೆಂದೇ ಆ ಮನೆಗೆ ಹೋದಳು.

“ಆ ಹೆಸರನ್ನ ಹತ್ರ ತಂದು ಅಲ್ಲೇ ಕಟ್ಟಿ ಹಾಕ್ತೀನಿ, ಅಜ್ಜಿ. ಇನ್ನ ತಡಾ ಆಗೂದಿಲ್ಲ.”

ಗಿರಿಜವ್ವ ಬೇಡವೆಂದು ಕೈ ಆಡಿಸಿದಳು. ಆಮೇಲೆ ಪಟ್ಟಿ ತರಿಸಿ ಕೊರಳಿಗೆ ಕಟ್ಟಿಕೊಂಡಳು.

“ಬ್ಯಾಡ್ರಿ, ಅಕ್ಕಾರ. ಗಂಡನ ಹೆಸರು ಪಟಕ್ನ ಬಂದ್ರ ಅದೆಂಥಾ ಒಡಪು? ನಾನು ನಾಚಬೇಕು, ಮಂದಿ ಹೇಳ, ಹೇಳ ಅಂತ ಕಾಡಬೇಕು, ಆಮ್ಯಾಲೆ ಬರಬೇಕು. ತಡಾ ಆಗೂದು ತಪ್ಪಲ್ರಿ. ನಿಮ್ಮ ಮಷೀನಿಗೆ ಕಾಯಾಕ ಬರಂಗಿಲ್ಲ, ತಪ್ಪು ಅದು.”

ಸಂಹಿತಾ ಹೆಸರನ್ನು ಇದ್ದಲ್ಲೇ ಬಿಟ್ಟು ಮಿತಿಯನ್ನು ತೆಗೆದುಹಾಕಿದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ದೀಪಾ ಅವಳನ್ನೂ ಕರೆದಿದ್ದಳು. ಗಿರಿಜವ್ವನ ಒಡಪಿನ ಮೊದಲ ಸಾಲು ಸಲೀಸಾಗಿ ಬಂತು. ಆಮೇಲೆ ಪಟ್ಟಿ ಸುಮ್ಮನಾಯಿತು. ಯಾರೋ ಬಾಯಿ ಹಾಕಲು ಹೋದಾಗ ದೀಪಾ ಅವರ ಕೈ ಅದುಮಿದಳು. ಹೊಸ್ತಿಲಾಚೆ ಫಕೀರಪ್ಪ ಚಪ್ಪಲಿ ಹುಡುಕುವವರ ಹಾಗೆ ಬಗ್ಗಿದವನು ಹಾಗೇ ನಿಂತಿದ್ದ.

“ಫಕೀರಪ್ಪನವರ ಹೆಸರ ಐತಿ ನನ್ನ ಎದಿಯಾಗ.”

ಗಿರಿಜವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಫಕೀರಪ್ಪ ಚಪ್ಪಲಿ ಮೆಟ್ಟದೆಯೇ ಅಂಗಳಕ್ಕೆ ಇಳಿದು ಹೋದ.

ಕೇಂದ್ರಕ್ಕೆ ಮರಳಿದ ಸಂಹಿತಾಗೆ ಒಂದು ಕುತೂಹಲ ಉಳಿಯಿತು. ಆ ಮಿತಿ ತನಗೆ ಎಲ್ಲಿಂದ ಸಿಕ್ಕಿತ್ತು? ಬಹಳ ಹಿಂದೆ, ಎರಡು ಸಾವಿರದ ಇಪ್ಪತ್ತೈದರ ಆಸುಪಾಸಿನಲ್ಲಿ, ಯಾರೋ ಸಂಗ್ರಹಿಸಿಟ್ಟ ಮನೆಮಾತು, ಫೋನುಮಾತುಗಳ ಧ್ವನಿಮುದ್ರಣಗಳಿಂದ. ಒಬ್ಬರು ತಡೆದರೆ ಇನ್ನೊಬ್ಬರು ಎಷ್ಟು ಹೊತ್ತು ಕಾಯುತ್ತಾರೆಂದು ಯಂತ್ರದಿಂದ ಅಳೆಸಿ, ಅದರ ಸರಾಸರಿಯನ್ನು ಹಾಕಿದ್ದಳು. ಕಿವಿಗೊಟ್ಟು ಕೇಳಿರಲಿಲ್ಲ. ಈಗ ಕೇಳಿದಳು. ಜನ ಕಾಯುತ್ತಲೇ ಇರಲಿಲ್ಲ. ಒಬ್ಬರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬರು ನುಗ್ಗುತ್ತಿದ್ದರು. ತೊದಲುವವರ, ಮೆತ್ತಗಿನವರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದರಲ್ಲಿ, ಊಟಕ್ಕೆ ಕೂತ ಮನೆಮಂದಿಯ ಗದ್ದಲದ ನಡುವೆ, ಒಬ್ಬ ಮುದುಕ “ನಾ ಏನ್ ಹೇಳಾಕತ್ತಿದ್ದೆ ಅಂದ್ರ...” ಎಂದು ಶುರುಮಾಡಿದ. ಯಾರೋ ಸಾರು ಕೇಳಿದರು, ಇನ್ಯಾರೋ ಕ್ರಿಕೆಟ್ಟಿನ ಮಾತು ತೆಗೆದರು. ಸಂಹಿತಾ ಮುದ್ರಣವನ್ನು ಕೊನೆಯವರೆಗೂ ಓಡಿಸಿದಳು. ತಟ್ಟೆಗಳನ್ನು ಎತ್ತಿದ ಸದ್ದಾಯಿತು, ಎಲ್ಲರೂ ಎದ್ದು ಹೋದರು. ಆ ಮುದುಕ ಏನು ಹೇಳಲಿದ್ದನೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.